ಚೀನೀ ಗೆಳೆಯರಿಗೆ ಇಂಗ್ಲಿಷಿನ ದೊಡ್ಡ ಪದಗಳು: ಪಟ್ಟಿಯೋ, ಆಪೋ, ಬೇರೋ, ಓದೋ?

ಅಬ್ಯಾಂಡನ್.

ಚೀನಾದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಯಾರನ್ನೇ ಕೇಳಿ, ಈ ಇಂಗ್ಲಿಷ್ ಪದ ಗೊತ್ತಿಲ್ಲ ಅನ್ನುವವರು ಸಿಗುವುದು ಕಷ್ಟ. ಪರೀಕ್ಷೆಗೆ ಕೊಳ್ಳುವ ಪದಗಳ ಪುಸ್ತಕ 'ಎ'ಯಿಂದ ಶುರುವಾಗುತ್ತದೆ, ಮೊದಲ ಪುಟದಲ್ಲೇ ಅಬ್ಯಾಂಡನ್ ಕೂತಿರುತ್ತದೆ, ಅರ್ಥ 'ಕೈಬಿಡು'. ಎಷ್ಟೋ ಜನ ಅದನ್ನು ಓದಿ, ನಾಲ್ಕು ದಿನ ಕಳೆದ ಮೇಲೆ ಪುಸ್ತಕವನ್ನೇ ಕೈಬಿಡುತ್ತಾರೆ. ಮುಂದಿನ ವರ್ಷ ಹೊಸ ಹುರುಪು, ಹೊಸ ಪುಸ್ತಕ, ಮತ್ತೆ ಮೊದಲ ಪುಟ, ಮತ್ತೆ ಅಬ್ಯಾಂಡನ್. ಇದು ಅವರವರಲ್ಲೇ ಓಡಾಡುವ ಹಳೇ ಜೋಕು. ಅದಕ್ಕೇ ಇರಬೇಕು, ಪದಗಳನ್ನು ಕಲಸಿ ಹಿಂದುಮುಂದು ಮಾಡಿದ ಪುಸ್ತಕಗಳೂ ಅಲ್ಲಿ ಚೆನ್ನಾಗಿ ಓಡುತ್ತವೆ.

ನಾನು ಶೆನ್‌ಜೆನ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ನಮ್ಮ ಟೀಮಿನಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡುವವನು ನಾನೊಬ್ಬನೇ. ಹಾಗಾಗಿ ಮೇಲ್ ತಿದ್ದುವುದರಿಂದ ಹಿಡಿದು ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧ ನೋಡುವವರೆಗೆ ಎಲ್ಲಾ ನನ್ನ ತಲೆಗೇ ಬಂತು. ಊರಿಗೆ ವಾಪಸ್ ಬಂದ ಮೇಲೂ ಇಬ್ಬರು ಮೂವರು ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ. ಚೀನಾದಲ್ಲಿ ಎಂಬಿಬಿಎಸ್ ಓದುವ ನಮ್ಮ ಹುಡುಗರು, ಸಿಂಗಪುರದಲ್ಲಿ ಚೀನೀ ಸಹೋದ್ಯೋಗಿಗಳ ಜೊತೆ ಕೂರುವವರು ಆಗಾಗ ಕೇಳುತ್ತಾರೆ: 'ಇವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಆದರೆ ದೊಡ್ಡ ಪದ ಬೇಕಂತೆ, ಯಾವ ದಾರಿ ಹೇಳಲಿ?' ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ದೊಡ್ಡವರ ಕಲಿಕೆಯ ವಿಷಯ ಮಾತ್ರ. ಇಲ್ಲಿ ಕೂತು ಅಲ್ಲಿನ ಕಂಪನಿಗಳ ಮೂಲಕ ಮಕ್ಕಳಿಗೆ ಟ್ಯೂಷನ್ ಹೇಳುವ ಯೋಚನೆ ಇದ್ದರೆ ಬಿಡಿ, 2021ರ ಜುಲೈನಲ್ಲಿ ಚೀನಾ ಸರ್ಕಾರ ಅದಕ್ಕೆ ಬಾಗಿಲು ಹಾಕಿದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಪಿಯುಸಿ ಮುಗಿಸಿ ಬರೆಯುವ ಗಾವ್‌ಕಾವ್ ಪರೀಕ್ಷೆಗೆ 3,500 ಪದಗಳ ಆಸುಪಾಸು ಬೇಕು. ಡಿಗ್ರಿ ಆದ ಮೇಲೆ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಕಾವ್‌ಯೆನ್‌ಗೆ ಸುಮಾರು 5,500. ಇತ್ತ ನ್ಯೂಜಿಲೆಂಡಿನ ಭಾಷಾ ಸಂಶೋಧಕ ಪಾಲ್ ನೇಷನ್ ಅವರು 2006ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಕಾದಂಬರಿ ಪತ್ರಿಕೆಗಳನ್ನು ಯಾರ ಸಹಾಯವೂ ಇಲ್ಲದೆ ಓದಬೇಕಾದರೆ 8,000ದಿಂದ 9,000 ಪದಕುಟುಂಬಗಳು ಗೊತ್ತಿರಬೇಕು. ಕುಟುಂಬ ಅಂದರೆ ಒಂದು ಪದ ಮತ್ತು ಅದರ ಮರಿಗಳೆಲ್ಲ ಸೇರಿ. ಅಂದರೆ ಚೆನ್ನಾಗಿ ಓದಿ ಪಾಸಾದವರಿಗೂ ಇನ್ನೂ ಎರಡೂವರೆಯಿಂದ ಮೂರೂವರೆ ಸಾವಿರದ ಹಳ್ಳ ದಾಟುವುದು ಬಾಕಿ. ನಾವು 'ದೊಡ್ಡ ಪದ' ಅನ್ನುವುದು ಈ ಹಳ್ಳವನ್ನೇ.

ನಮಗೂ ಅವರಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ನಮ್ಮಜ್ಜಿ ಶಾಲೆಗೇ ಹೋಗದಿದ್ದರೂ ಆಪರೇಷನ್, ಬಿಪಿ, ಕರೆಂಟು, ಲೈಸೆನ್ಸು ಅನ್ನುತ್ತಿದ್ದರು. ಇಂಗ್ಲಿಷ್ ಪದ ನಮ್ಮ ಮನೆಗೆ ಚಪ್ಪಲಿ ಹಾಕಿಕೊಂಡೇ ಬರುತ್ತದೆ. ಚೀನೀ ಭಾಷೆ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಹೆಚ್ಚಿನ ಹೊಸ ವಸ್ತುಗಳಿಗೆ ತನ್ನದೇ ಹೆಸರು ಕಟ್ಟುತ್ತದೆ. ಕಂಪ್ಯೂಟರ್ ಅಂದರೆ 'ವಿದ್ಯುತ್ ಮಿದುಳು', ಫೋನ್ ಅಂದರೆ 'ವಿದ್ಯುತ್ ಮಾತು', ಸಿನಿಮಾ ಅಂದರೆ 'ವಿದ್ಯುತ್ ನೆರಳು'. ಹಾಗಾಗಿ ಅವರಿಗೆ ಬಿಟ್ಟಿ ಸಿಗುವ ಇಂಗ್ಲಿಷ್ ಪದ ಬಹಳ ಕಡಿಮೆ. ಒಂದೊಂದನ್ನೂ ದುಡಿದೇ ಗಳಿಸಬೇಕು.

ದುಡಿಯುವುದರಲ್ಲಿ ಅವರು ಹಿಂದೆ ಬೀಳುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಪ್ರತಿ ಇಂಗ್ಲಿಷ್ ಪದದ ಮುಂದೆ ಒಂದು ಚೀನೀ ಪದ ಬರೆದು, ಅದೇ ಇದು ಅಂತ ಕಲಿತಿರುತ್ತಾರೆ. 'ಯಿಂಗ್‌ಶ್ಯಾಂಗ್' ಅನ್ನುವ ಒಂದು ಚೀನೀ ಪದಕ್ಕೆ ಇಂಗ್ಲಿಷಿನಲ್ಲಿ ಅಫೆಕ್ಟ್, ಎಫೆಕ್ಟ್, ಇಂಪ್ಯಾಕ್ಟ್, ಇನ್‌ಫ್ಲುಯೆನ್ಸ್ ನಾಲ್ಕೂ ಬರುತ್ತವೆ. ಪಟ್ಟಿಯಲ್ಲಿ ನಾಲ್ಕರ ಮುಂದೆಯೂ ಒಂದೇ ಅರ್ಥ. ಯಾವಾಗ ಯಾವುದು ಅನ್ನುವುದು ಯಾರೂ ಹೇಳಿರುವುದಿಲ್ಲ. 'ಕಾಯ್' ಅನ್ನುವ ಕ್ರಿಯಾಪದ ಲೈಟಿಗೂ ಬರುತ್ತದೆ, ಕಾರಿಗೂ ಬರುತ್ತದೆ, ಮೀಟಿಂಗಿಗೂ ಬರುತ್ತದೆ, ಮೂಲ ಅರ್ಥ 'ತೆರೆ'. ಅದಕ್ಕೇ ಅವರ ಬಾಯಲ್ಲಿ 'ಓಪನ್ ದ ಲೈಟ್'. ನಗಬೇಡಿ, ನಾವೂ 'ಲೈಟ್ ಹಾಕು, ಫ್ಯಾನ್ ಹಾಕು, ಕಾಫಿಗೆ ಸಕ್ಕರೆ ಹಾಕು' ಅನ್ನುವವರೇ, 'ಪುಟ್ ದ ಫ್ಯಾನ್' ಅಂದ ಕನ್ನಡಿಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಯಾವ ದಾರಿ ಒಳ್ಳೆಯದು ಅಂತ ಅಳೆಯುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಇದು ಆ 'ಒಂದಕ್ಕೆ ಒಂದು' ಗಂಟನ್ನು ಬಿಚ್ಚುತ್ತದೆಯೋ, ಇನ್ನೂ ಬಿಗಿ ಮಾಡುತ್ತದೆಯೋ?

ಕೆಂಪು ಪುಸ್ತಕ, ಅಂದರೆ ಪಟ್ಟಿ

ಪದ ಕಲಿಯುವುದಕ್ಕೆ ಚೀನೀಯರು ಬಳಸುವ ಕ್ರಿಯಾಪದ 'ಬೇ'. ಬೆನ್ನು ಅನ್ನುವುದಕ್ಕೂ ಅದೇ ಅಕ್ಷರ. ಹಿಂದೆಲ್ಲ ಹುಡುಗರು ಮೇಷ್ಟ್ರಿಗೆ ಬೆನ್ನು ಮಾಡಿ ನಿಂತು ಪಾಠ ಒಪ್ಪಿಸುತ್ತಿದ್ದರಂತೆ, ಅಲ್ಲಿಂದ ಬಂದದ್ದು. ನಮ್ಮ 'ಉರು ಹೊಡೆಯುವುದು' ಇದ್ದ ಹಾಗೆ. ಅವರಿಗೆ ಪದವನ್ನು 'ಕಲಿಯುವುದು' ಅನ್ನುವುದಕ್ಕಿಂತ 'ಉರು ಹೊಡೆಯುವುದು' ಅನ್ನುವುದೇ ಸಹಜ ಮಾತು.

1993ರಲ್ಲಿ ಯೂ ಮಿನ್‌ಹೋಂಗ್ ಬೀಜಿಂಗ್‌ನಲ್ಲಿ ನ್ಯೂ ಓರಿಯಂಟಲ್ ಕೋಚಿಂಗ್ ಶುರು ಮಾಡಿದರು. ಅಮೆರಿಕದಲ್ಲಿ ಸ್ನಾತಕೋತ್ತರ ಓದಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಅವರು ತಂದ ಪದಪುಸ್ತಕಕ್ಕೆ ಹುಡುಗರು ಇಟ್ಟ ಅಡ್ಡಹೆಸರು 'ಕೆಂಪು ನಿಧಿಪುಸ್ತಕ'. ತಮಾಷೆ ಏನೆಂದರೆ, ಮಾವೋ ಉಕ್ತಿಗಳ ಪುಸ್ತಕವನ್ನು ಜನ ಕರೆಯುತ್ತಿದ್ದದ್ದೂ ಅದೇ ಹೆಸರಿನಿಂದ. ಅಮೆರಿಕಕ್ಕೆ ಹೋಗುವ ಆಸೆ ಇದ್ದ ಒಂದು ತಲೆಮಾರೇ ಅದನ್ನು ಉರು ಹೊಡೆದಿದೆ. ಆಗ ಅದು ಬುದ್ಧಿವಂತಿಕೆಯೇ ಆಗಿತ್ತು. ಹಳೇ ಜಿಆರ್‌ಇಯಲ್ಲಿ ವಿರುದ್ಧಾರ್ಥಕ ಪದ ಹುಡುಕುವ ಪ್ರಶ್ನೆಗಳಿದ್ದವು, ಒಂದು ಪದ ಒಂದು ಅರ್ಥ ಗೊತ್ತಿದ್ದರೆ ಅಂಕ ಬೀಳುತ್ತಿತ್ತು. 2011ರ ಆಗಸ್ಟ್‌ನಲ್ಲಿ ಪರೀಕ್ಷೆ ಬದಲಾಯಿತು. ಆ ಪ್ರಶ್ನೆಗಳು ಹೋದವು, ವಾಕ್ಯದೊಳಗೆ ಪದ ಕೂರಿಸುವ ಪ್ರಶ್ನೆಗಳು ಉಳಿದವು. ಪರೀಕ್ಷೆ ಬದಲಾದರೂ ಉರು ಹೊಡೆಯುವ ಚಟ ಮಾತ್ರ ಬದಲಾಗಲಿಲ್ಲ.

ಹಾಗಂತ ಪಟ್ಟಿಯನ್ನು ಪೂರ್ತಿ ಬೈಯುವುದಿಲ್ಲ. ಕಡಿಮೆ ಸಮಯದಲ್ಲಿ ಜಾಸ್ತಿ ಪದಗಳ ಮುಖಪರಿಚಯ ಮಾಡಿಸುವುದಕ್ಕೆ ಪಟ್ಟಿಯಷ್ಟು ಅಗ್ಗದ ದಾರಿ ಇಲ್ಲ. ಪಟ್ಟಿ ಆರಿಸುವಾಗ ಮಾತ್ರ ಕಣ್ಣು ಬಿಟ್ಟು ಆರಿಸಿ. ವಿದೇಶದಲ್ಲಿ ಓದಲು ಹೋಗುವವರಿಗೆ ನಾನು ಮೊದಲು ಹೇಳುವುದು ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ಪದಪಟ್ಟಿ. ಬರೀ 570 ಪದಕುಟುಂಬಗಳು, ಆದರೆ ಕಾಲೇಜು ಪಠ್ಯಗಳಲ್ಲಿ ಸುಮಾರು ಹತ್ತು ಪದಕ್ಕೆ ಒಂದು ಅದರಿಂದಲೇ ಬಂದಿರುತ್ತದೆ. ಹತ್ತು ಸಾವಿರ ಪದದ ಇಟ್ಟಿಗೆಯಂಥ ಪುಸ್ತಕಕ್ಕಿಂತ ಇದನ್ನು ನೆಟ್ಟಗೆ ಮುಗಿಸಿದರೆ ಲಾಭ ಜಾಸ್ತಿ.

ಪಟ್ಟಿಯ ಇನ್ನೊಂದು ಅವತಾರ ಇದೆ, ಅದು ನನಗೆ ಆಗಿಬರುವುದೇ ಇಲ್ಲ. ಪ್ರಬಂಧದ ಕೋಚಿಂಗಿನಲ್ಲಿ 'ಉನ್ನತ ಪದ' ಅಂತ ಒಂದು ಕೋಷ್ಟಕ ಕೊಡುತ್ತಾರೆ. ಎಡಗಡೆ ಇಂಪಾರ್ಟೆಂಟ್, ಬಲಗಡೆ ಕ್ರೂಶಿಯಲ್, ವೈಟಲ್, ಪ್ಯಾರಮೌಂಟ್. ಎಡಗಡೆ ಮೆನಿ, ಬಲಗಡೆ ಪ್ಲೆಥೊರಾ. ಎಡಗಡೆಯದನ್ನು ಅಳಿಸಿ ಬಲಗಡೆಯದನ್ನು ಹಾಕಿದರೆ ಪ್ರಬಂಧ ಮೇಲೇರುತ್ತದೆ ಅನ್ನುವ ನಂಬಿಕೆ. ಒಬ್ಬ ಹುಡುಗ 'ನನಗೆ ಊರಿನಲ್ಲಿ ಪ್ಲೆಥೊರಾ ಅಜ್ಜಿಯರಿದ್ದಾರೆ' ಅನ್ನುವ ಧಾಟಿಯಲ್ಲಿ ಬರೆದು ತಂದಿದ್ದ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ ಪದಬಳಕೆಗೆ ನಾಲ್ಕನೇ ಒಂದು ಭಾಗ ಅಂಕ ಇರುವುದು ನಿಜ. ಆದರೆ ಏಳನೇ ಬ್ಯಾಂಡಿಗೆ, ಅಂದರೆ ಏಳರ ಅಂಕಮಟ್ಟಕ್ಕೆ, ಅಪರೂಪದ ಪದ ಇದ್ದರಷ್ಟೇ ಸಾಲದು, ಯಾವ ಪದದ ಪಕ್ಕ ಯಾವುದು ಕೂರುತ್ತದೆ ಅನ್ನುವ ಅರಿವೂ ಕಾಣಬೇಕು. ಕೋಷ್ಟಕ ಅದನ್ನು ಕೊಡುವುದಿಲ್ಲ. ಗಂಟು ಬಿಗಿ ಮಾಡುವುದರಲ್ಲಿ ಇದಕ್ಕೇ ಮೊದಲ ಬಹುಮಾನ.

ಸದ್ದಿನ ಚಮತ್ಕಾರ

ಇದು ಚೀನೀಯರ ಖಾಸಾ ಕಸುಬು. ಇಂಗ್ಲಿಷ್ ಪದದ ಸದ್ದಿಗೆ ಹತ್ತಿರದ ಚೀನೀ ಮಾತು ಕಟ್ಟುವುದು. ಆಂಬ್ಯುಲೆನ್ಸ್ ಅಂದರೆ 'ಆನ್ ಬು ನಂಗ್ ಸ', ಅಂದರೆ 'ನಾನು ಸಾಯುವಂತಿಲ್ಲ'. ಪೆಸ್ಟ್ ಅಂದರೆ 'ಪಾಯ್ ಸ ತಾ', 'ಬಡಿದು ಸಾಯಿಸು ಅದನ್ನ'. ಎಕಾನಮಿ ಅಂದರೆ 'ಯೀಕಾವ್ ನೊಂಗ್‌ಮಿನ್', 'ರೈತರನ್ನೇ ನಂಬಿದೆ'. ಒಮ್ಮೆ ಕೇಳಿದರೆ ಸಾಯುವ ತನಕ ಮರೆಯುವುದಿಲ್ಲ. ನನಗೇ ಚೀನೀ ಕಲಿಯಲು ಇದು ಉಪಯೋಗಕ್ಕೆ ಬಂತು!

ಉಚ್ಚಾರ ಮಾತ್ರ ಹಾಳು. ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಬರುವ ವ್ಯಂಜನಗಳೇ ಎರಡು ಮೂರು, ಅವರಿಗೆ 'ಸ್ಟ್'ನಂಥ ಒತ್ತಕ್ಷರ ಮೊದಲೇ ಕಷ್ಟ. ಅದರ ಮೇಲೆ ಇದು ಸೇರಿದರೆ ಪೆಸ್ಟ್ ಮೂರು ತುಂಡಾಗಿ ಹೊರಗೆ ಬರುತ್ತದೆ. ತೀರಾ ಹಟಮಾರಿ ಪದ ಹತ್ತಿಪ್ಪತ್ತು ಇದ್ದರೆ ಬಳಸಲಿ, ಅಷ್ಟು ಸಾಕು.

ಆಪುಗಳು

ಬಾಯ್‌ತ್ಸ್‌ಜಾನ್ ಅಂದರೆ 'ನೂರು ಪದ ಕತ್ತರಿಸು'. ನಾಲ್ಕು ಚಿತ್ರ ತೋರಿಸುತ್ತದೆ, ಸರಿಯಾದದ್ದು ಒತ್ತಬೇಕು. ಗೊತ್ತಾದ ಪದವನ್ನು ಕತ್ತರಿಸಿ ಎಸೆಯಬಹುದು. ಹಣ್ಣು, ಪ್ರಾಣಿ, ಪಾತ್ರೆ ಇರುವ ತನಕ ಚೆನ್ನ. ದೊಡ್ಡ ಪದಗಳೆಲ್ಲ ಭಾವವಾಚಕ ಅಲ್ವಾ, ಅಲ್ಲಿ ಚಿತ್ರ ನೆನಪಿರುತ್ತದೆ, ಪದ ನೆನಪಿರುವುದಿಲ್ಲ. ಬುಬೇ ಅನ್ನುವ ಇನ್ನೊಂದಿದೆ, ಹೆಸರಿನ ಅರ್ಥವೇ 'ಉರು ಹೊಡೆಯಬೇಡ'. ಸಿನಿಮಾ, ಸೀರಿಯಲ್‌ಗಳ ವಾಕ್ಯದೊಳಗೆ ಪದ ತೋರಿಸುತ್ತದೆ. ಈ ಎರಡರಲ್ಲಿ ನನ್ನ ಓಟು ಬುಬೇಗೆ.

ಮೋಮೋ ಮತ್ತು ಆಂಕಿ ಬೇರೆ ಜಾತಿಯವು. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಎದುರಿಗೆ ತರುವುದು ಅವುಗಳ ಕೆಲಸ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ, ಮರೆವು ಹೇಗೆ ಮೊದಲು ಜೋರಾಗಿ ಆಮೇಲೆ ನಿಧಾನವಾಗಿ ಆಗುತ್ತದೆ ಅಂತ ತೋರಿಸಿದ. ಚೀನಾದಲ್ಲಿ ಪದಪುಸ್ತಕದ ಹಿಂದಿನ ರಟ್ಟಿನ ಮೇಲೂ ಅವನ ಹೆಸರು ಕಾಣುತ್ತದೆ. ಆಂಕಿ 2006ರಿಂದ ಇದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಬಿಟ್ಟಿ, ಐಫೋನಿಗೆ ಮಾತ್ರ ದುಡ್ಡು. ಯಾವ ಪದವನ್ನು ಯಾವಾಗ ಮತ್ತೆ ತೋರಿಸಬೇಕು ಅನ್ನುವುದಕ್ಕೆ 2023ರಲ್ಲಿ ಅದಕ್ಕೆ ಸೇರಿದ ಹೊಸ ಲೆಕ್ಕಾಚಾರವನ್ನು ಕಟ್ಟಿದ್ದು ಮೋಮೋದಲ್ಲಿ ಕೆಲಸ ಮಾಡಿದ್ದ ಒಬ್ಬ ಚೀನೀ ಹುಡುಗ. ಪದ ಉರು ಹೊಡೆಯುವ ಆ ದೇಶದ ಚಟದಿಂದ ಜಗತ್ತಿಗೇ ಒಂದು ಲಾಭ ಆಯಿತು ಅನ್ನಿ.

ಯಾವುದು ಆರಿಸಲಿ ಅಂದರೆ, ತಾಳ್ಮೆ ಇದ್ದು ಕಾರ್ಡ್‌ಗಳನ್ನು ತಾನೇ ಬರೆದುಕೊಳ್ಳುವವರಿಗೆ ಆಂಕಿ, ಸುಮ್ನೆ ಮೆಟ್ರೋದಲ್ಲಿ ನಿಂತು ಒತ್ತುತ್ತಾ ಹೋಗುವವರಿಗೆ ಮೋಮೋ. ಕಾರ್ಡಿನ ಹಿಂದೆ ಚೀನೀ ಅರ್ಥ ಹಾಕಿದರೆ ಮಾತ್ರ ಅದು ಪಟ್ಟಿಯೇ, ಬ್ಯಾಟರಿ ಇರುವ ಪಟ್ಟಿ. ಕಾರ್ಡಿನಲ್ಲಿ ಇಡೀ ವಾಕ್ಯ ಇರಲಿ, ಪದದ ಜಾಗ ಖಾಲಿ ಬಿಡಿ.

ಮತ್ತೆ ಈ 'ದಾಕಾ' ರೋಗ. ಅಂದರೆ ಹಾಜರಿ ಒತ್ತುವುದು. ಇವತ್ತು 80 ಪದ ಮುಗಿಸಿದೆ, 212ನೇ ದಿನ ಅಂತ ದಿನಾ ವೀಚಾಟ್‌ನಲ್ಲಿ ಹಾಕುವುದು. ನಮ್ಮವರು ವಾಕಿಂಗ್ ಹೆಜ್ಜೆ ಲೆಕ್ಕ ಸ್ಟೇಟಸ್ ಹಾಕುವ ಹಾಗೆ. ಆ 212 ದಿನದವನಿಗೆ ಎರಡು ವಾಕ್ಯ ಮಾತಾಡು ಅಂದರೆ ಬಾಯಿ ಬರುವುದಿಲ್ಲ. ಅವರೇ ಇದಕ್ಕೆ 'ಮೂಗ ಇಂಗ್ಲಿಷ್' ಅಂತ ಹೆಸರಿಟ್ಟಿದ್ದಾರೆ.

ಬೇರು ಹಿಡಿಯುವುದು

ನನಗೆ ಇಷ್ಟವಾದ ದಾರಿ ಇದು, ಕಾರಣ ಚೀನೀಯರಿಗೆ ಇದು ರಕ್ತದಲ್ಲೇ ಇದೆ. ಅವರ ಅಕ್ಷರಗಳನ್ನೇ ನೋಡಿ, ಎಡಗಡೆ ಮೂರು ಹನಿ ಇದ್ದರೆ ನೀರಿನ ಸಂಬಂಧ ಇರಬೇಕು ಅಂತ ಮಗುವಿದ್ದಾಗಿನಿಂದ ಊಹಿಸಿ ಅಭ್ಯಾಸ. ಇಂಗ್ಲಿಷಿನ ದೊಡ್ಡ ಪದಗಳು ಗ್ರೀಕ್, ಲ್ಯಾಟಿನ್ ತುಂಡುಗಳಿಂದ ಕಟ್ಟಿದ್ದು ಅಂತ ತಿಳಿದರೆ ಅವರ ಕಣ್ಣು ಅರಳುತ್ತದೆ.

ಲ್ಯುಕೀಮಿಯಾ ನೋಡಿ. ಗ್ರೀಕ್‌ನಲ್ಲಿ ಬಿಳಿ, ರಕ್ತ. ಚೀನೀ ಹೆಸರು? 'ಬಿಳಿ ರಕ್ತ ರೋಗ'. ಹಿಪೊಪೊಟಮಸ್ ಅಂದರೆ ಕುದುರೆ ಮತ್ತು ನದಿ, ಚೀನೀಯಲ್ಲಿ 'ನದಿ ಕುದುರೆ', ನಮ್ಮಲ್ಲೂ ನೀರ್ಗುದುರೆ. ಹೈಡ್ರೋಫೋಬಿಯಾ ಅಂದರೆ ನೀರು, ಭಯ, ಅವರದು 'ಭಯ ನೀರು ರೋಗ'. ಸಕ್ಕರೆ ಕಾಯಿಲೆಗೆ ಅವರು 'ಸಕ್ಕರೆ ಮೂತ್ರ ರೋಗ' ಅನ್ನುತ್ತಾರೆ, ನಮ್ಮ ಮಧುಮೇಹವೂ ಜೇನು ಮೂತ್ರವೇ ಅಲ್ವಾ. ನಾನು ಬಿಳಿ ಹಲಗೆಯ ಮೇಲೆ ಲ್ಯುಕೀಮಿಯಾವನ್ನು ಮೂರು ತುಂಡು ಮಾಡಿ, ಕೆಳಗೆ ಚೀನೀಯ ಮೂರು ಅಕ್ಷರ ಬರೆಸಿ, ಗೆರೆ ಎಳೆಸಿದ ದಿನ ಊಟದ ಹೊತ್ತು ದಾಟಿದರೂ ಯಾರೂ ಏಳಲಿಲ್ಲ.

ಆದರೆ ಇದು ವಿಜ್ಞಾನ, ವೈದ್ಯ, ಕಾನೂನಿನ ಪದಗಳಿಗೆ ಕೆಲಸ ಮಾಡಿದಷ್ಟು ದಿನನಿತ್ಯದ ಪದಗಳಿಗೆ ಮಾಡುವುದಿಲ್ಲ. 'ಇನ್' ಅಂದರೆ 'ಅಲ್ಲ' ಅಂತ ಕಲಿತವನು ಇನ್‌ಫ್ಲೇಮಬಲ್, ಅಂದರೆ 'ಬೇಗ ಹೊತ್ತಿಕೊಳ್ಳುತ್ತದೆ' ಅನ್ನುವ ಬೋರ್ಡಿನ ಪಕ್ಕ ಸಿಗರೇಟು ಹಚ್ಚಿಯಾನು. ಇನ್‌ವ್ಯಾಲ್ಯುಯಬಲ್ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇನ್ನೂ ಮುಖ್ಯ ಏನೆಂದರೆ ಬೇರು ಅರ್ಥ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ನಮ್ಮ ಪ್ರಾಡಕ್ಟಿನ ಕರಪತ್ರಕ್ಕೆ ಒಬ್ಬ 'ಪ್ರೊಪಗಾಂಡ' ಅಂತ ಫೋಲ್ಡರ್ ಹೆಸರಿಟ್ಟು ಯುರೋಪಿನ ಗ್ರಾಹಕರಿಗೆ ಕಳಿಸಿದ್ದ. ಚೀನೀಯಲ್ಲಿ 'ಶ್ವೆನ್‌ಚ್ವಾನ್' ಅಂದರೆ ಬರೀ ಪ್ರಚಾರ, ಅದರಲ್ಲಿ ಕೆಟ್ಟ ವಾಸನೆ ಏನೂ ಇಲ್ಲ. ಆ ಕಡೆಯಿಂದ ಬಂದ ಉತ್ತರದಲ್ಲಿ ಮೂರು ಆಶ್ಚರ್ಯ ಚಿಹ್ನೆ ಇದ್ದವು.

ಓದು, ಮತ್ತು ನಾನು ಮಾಡಿದ ಎಡವಟ್ಟು

ಗಂಟು ನಿಜವಾಗಿ ಬಿಚ್ಚುವುದು ಓದಿನಿಂದಲೇ. ಇದನ್ನು ನಂಬಿ ನಾನು ಒಬ್ಬಳಿಗೆ ಅನ್ಯಾಯ ಮಾಡಿದ್ದೇನೆ. ನನ್ನ ಪಕ್ಕದ ಸೀಟಿನ ಟೆಸ್ಟಿಂಗ್ ವಿಭಾಗದ ಹುಡುಗಿಗೆ ಐಇಎಲ್‌ಟಿಎಸ್ ಪರೀಕ್ಷೆಗೆ ಮೂರು ವಾರ ಬಾಕಿ ಇತ್ತು. ನಾನು ದೊಡ್ಡ ಮೇಧಾವಿಯಂತೆ 'ಆಪ್ ಎಲ್ಲಾ ತೆಗೆದು ಬಿಸಾಕು, ದಿನಾ ದಿ ಎಕನಾಮಿಸ್ಟ್ ಓದು' ಅಂದೆ. ಕಾವ್‌ಯೆನ್ ಪ್ರಶ್ನೆಪತ್ರಿಕೆಗೆ ಅಲ್ಲಿಂದ ಭಾಗಗಳನ್ನು ಎತ್ತುವುದರಿಂದ ಆ ಪತ್ರಿಕೆಗೆ ಅಲ್ಲಿ ದೇವರ ಸ್ಥಾನ, ಅವಳು ನಂಬಿದಳು. ಪುಟದ ತುಂಬಾ ಪೆನ್ಸಿಲ್ ಗೆರೆ. ಒಂದು ಲೇಖನಕ್ಕೆ ಎರಡು ಗಂಟೆ. ಎರಡನೇ ವಾರಕ್ಕೆ ಓದುವುದನ್ನೇ ಬಿಟ್ಟಳು, ರೀಡಿಂಗ್‌ನಲ್ಲಿ ಹಿಂದಿನ ಸಲಕ್ಕಿಂತ ಅರ್ಧ ಬ್ಯಾಂಡ್ ಕಡಿಮೆ ಬಂತು. ತಪ್ಪು ನನ್ನದೇ. ನೇಷನ್ ಅವರ ಲೆಕ್ಕ 98 ಶೇಕಡಾದ್ದು, ಅಂದರೆ ಐವತ್ತು ಪದಕ್ಕೆ ಗೊತ್ತಿಲ್ಲದ್ದು ಒಂದೇ ಇರಬೇಕು. ಅವಳ ಪುಟದಲ್ಲಿ ಹತ್ತಕ್ಕೆ ಒಂದು ಇತ್ತು.

ಈಗ ನಾನು ಮೊದಲು ಅರ್ಧ ಪುಟ ಓದಿಸಿ ಗೊತ್ತಿಲ್ಲದ್ದನ್ನು ಎಣಿಸುತ್ತೇನೆ. ಐವತ್ತಕ್ಕೆ ಎರಡರ ಮೇಲೆ ಹೋದರೆ ಪುಸ್ತಕ ಬದಲು. ಆಸಕ್ತಿಯ ವಿಷಯ ಆರಿಸಿದರೆ ಈ ಲೆಕ್ಕ ತಾನಾಗಿಯೇ ಇಳಿಯುತ್ತದೆ. ಬ್ಯಾಸ್ಕೆಟ್‌ಬಾಲ್ ಹುಚ್ಚಿದ್ದ ಒಬ್ಬನಿಗೆ ಎನ್‌ಬಿಎ ವರದಿಗಳನ್ನೇ ಓದಿಸಿದೆ, ಅವನಿಗೆ ಅರ್ಧ ಪದ ಮೊದಲೇ ಗೊತ್ತಿತ್ತು.

ಜೊತೆಗೆ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ. ಲಾಂಗ್‌ಮನ್‌ನದು ಸುಮಾರು 2,000 ಸರಳ ಪದಗಳಲ್ಲೇ ಎಲ್ಲ ಅರ್ಥ ಹೇಳುತ್ತದೆ. ಕೋಬಿಲ್ಡ್ ಅನ್ನುವ ಇನ್ನೊಂದು ಡಿಕ್ಷನರಿ 1987ರಿಂದಲೂ ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ಪದ ಯಾರ ಜೊತೆ ಓಡಾಡುತ್ತದೆ ಅಂತ ಅಲ್ಲೇ ಕಾಣುತ್ತದೆ. ಮೊದಲ ತಿಂಗಳು ಎಲ್ಲರೂ ಗೊಣಗುತ್ತಾರೆ, ಗೊಣಗಲಿ.

ಹಾಗಾದರೆ ಯಾರಿಗೆ ಯಾವುದು? ಪರೀಕ್ಷೆ ಎರಡು ತಿಂಗಳೊಳಗೆ ಇದ್ದರೆ ಪಟ್ಟಿ ಮತ್ತು ಆಪ್, ಬೇರೆ ಉಪದೇಶ ಮಾಡಬೇಡಿ, ನನ್ನಂತೆ ಕೆಡಿಸಬೇಡಿ. ಆರು ತಿಂಗಳ ಮೇಲಿದ್ದರೆ 570ರ ಪಟ್ಟಿ, ಮತ್ತೆ ಓದು. ವೈದ್ಯರು, ವಿಜ್ಞಾನ ಓದುವವರು ಬೇರಿನಿಂದ ಶುರು ಮಾಡಲಿ. ಪರೀಕ್ಷೆಯೇ ಇಲ್ಲದೆ ಆಫೀಸಿನಲ್ಲಿ ಬರೆದು ಮಾತಾಡಿ ಬದುಕಬೇಕಾದವರಿಗೆ ಹೊಸ ಪದಕ್ಕಿಂತ ಹಳೇ ಪದದ ಹೊಸ ಜೋಡಿ ಬೇಕು.

ಅದೇ ಟೆಸ್ಟಿಂಗ್ ಹುಡುಗಿ ಒಂದು ದಿನ 'ಐ ವಿಲ್ ಕಮಿಟ್ ದ ಲೀವ್ ಫಾರ್ಮ್ ಟುಮಾರೊ' ಅಂತ ಮೆಸೇಜ್ ಹಾಕಿದಳು. ದಿನಾ ಕೋಡ್ ಕಮಿಟ್ ಮಾಡುವವಳು, ಚೀನೀಯಲ್ಲಿ ಅದಕ್ಕೂ ಫಾರ್ಮ್ ಸಲ್ಲಿಸುವ 'ಸಬ್‌ಮಿಟ್'ಗೂ ಒಂದೇ ಪದ, 'ತೀಜ್ಯಾವ್'. ಅವತ್ತು ಒಂದು ನೋಟ್‌ಬುಕ್ ತೆಗೆಸಿದೆ. ಒಂದು ಪದಕ್ಕೆ ಒಂದು ಪುಟ, ಅರ್ಥ ಬರೆಯುವಂತಿಲ್ಲ, ಚೀನೀ ಅಕ್ಷರ ಒಂದೂ ಬೇಡ, ಓದುವಾಗ ಸಿಕ್ಕ ಜೋಡಿಗಳನ್ನು ಮಾತ್ರ ಇಳಿಸಬೇಕು. ಮೊದಲ ಪುಟ ಕಮಿಟ್. ಮೊದಲ ಸಾಲು 'ಕಮಿಟ್ ಎ ಕ್ರೈಮ್', ಅದನ್ನು ನೋಡಿ ರಜಾ ಫಾರ್ಮ್ ನೆನಪಾಗಿ ತಾನೇ ನಕ್ಕಳು. ವಾರ ಬಿಟ್ಟು 'ಕಮಿಟೆಡ್ ಟು ದ ಜಾಬ್' ಸೇರಿತು. ಮೂರನೆಯದು ಎಲ್ಲೋ ಕತೆಯಲ್ಲಿ ಸಿಕ್ಕಿತಂತೆ, 'ಕಮಿಟ್ ಟು ಮೆಮೊರಿ'. ಅದನ್ನು ಬರೆದು, ಸ್ವಲ್ಪ ಹೊತ್ತು ನೋಡಿ, ನನ್ನ ನಿಯಮ ಮುರಿದು ಪಕ್ಕದಲ್ಲಿ ಒಂದೇ ಒಂದು ಚೀನೀ ಅಕ್ಷರ ಗೀಚಿದಳು: ಬೇ.